ಒಂದು ಕಕ್ಕಸಿಗಾಗಿ ಬಾಸೆಲ್‌ವರೆಗೆ

ಮಲ್ಲತ್ತಹಳ್ಳಿ

ನಾನು ಸ್ವಿಟ್ಜರ್‌ಲೆಂಡಿಗೆ ಹೋಗಿ ಬಂದದ್ದು ಒಂದು ಕಕ್ಕಸಿನ ಸಲುವಾಗಿ. ಹೀಗೆಂದರೆ ವಿಜಯನಗರದ ನಮ್ಮ ಬೀದಿಯ ಹೆಂಗಸರು ಮೂಗು ಮುರಿಯುತ್ತಾರೆ. ಹಿಮದ ಬೆಟ್ಟ ನೋಡಿದ್ರಾ, ಕೊರಳಿಗೆ ಗಂಟೆ ಕಟ್ಟಿದ ಹಸು ನೋಡಿದ್ರಾ, ಚಾಕಲೇಟ್ ತಂದ್ರಾ ಎಂದು ಕೇಳುತ್ತಾರೆ. ಬೆಟ್ಟ ವಿಮಾನದ ಕಿಟಕಿಯಿಂದ ಕಂಡಿತು. ಹಸು ಕಾಣಲೇ ಇಲ್ಲ. ಚಾಕಲೇಟ್ ತಂದೆ, ಮನೆಯವರು ತಿಂದು ಮುಗಿಸಿದರು. ಪ್ರವಾಸದ ಸುಖ ಇಷ್ಟೇ. ಉಳಿದದ್ದನ್ನು ಬರೆಯುತ್ತೇನೆ, ಓದಿ ನೀವೂ ನನ್ನ ಜೊತೆ ಸ್ವಲ್ಪ ಹೊಟ್ಟೆ ಉರಿದುಕೊಳ್ಳಿ.

ನನ್ನ ಹೆಸರು ಪದ್ಮಾ. ಒಂದು ಸೆಕ್ಯುರಿಟಿ ಏಜೆನ್ಸಿಯಲ್ಲಿ ಗಾರ್ಡುಗಳಿಗೆ ಟ್ರೈನಿಂಗ್ ಕೊಡುತ್ತೇನೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಕಲ್ಯಾಣ ಮಂಟಪದ ಬಾಗಿಲಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ನೀಲಿ ಶರ್ಟು ತೊಟ್ಟು ನಿಂತಿರುತ್ತಾರಲ್ಲ, ಅವರಿಗೆ ಸಲ್ಯೂಟ್ ಹೊಡೆಯುವುದನ್ನೂ ಬೆಂಕಿ ಆರಿಸುವುದನ್ನೂ ಕುಡಿದು ಬಂದ ಓನರ್‌ಗಳ ಬೈಗುಳ ನುಂಗುವುದನ್ನೂ ಕಲಿಸುವವಳು. ಕೊನೆಯದಕ್ಕೆ ಪಾಠ ಬೇಕಾಗಿಲ್ಲ, ಅವರೇ ಕಲಿತು ಬಂದಿರುತ್ತಾರೆ.

ನಮ್ಮ ಏಜೆನ್ಸಿಯ ನೀಲವ್ವ ಮಲ್ಲತ್ತಹಳ್ಳಿ ಕೆರೆಯ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಗಾರ್ಡ್. ಕೊಪ್ಪಳದ ಕಡೆಯವಳು. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಕೆಂಗೇರಿಯ ಬಾಡಿಗೆ ರೂಮಿನಲ್ಲಿ ಮಲಗಿದ್ದಾನೆ, ಮಗಳು ಕಾಲೇಜಿಗೆ ಹೋಗುತ್ತಾಳೆ. ಮನೆ ನಡೆಯುವುದು ನೀಲವ್ವನ ಕೆಲಸದಿಂದ. ಹೆಂಗಸು ಗಾರ್ಡನ್ನು ಆ ಅಪಾರ್ಟ್‌ಮೆಂಟಿನವರು ಇಟ್ಟುಕೊಂಡಿದ್ದೇನೂ ಹೆಣ್ಣುಮಕ್ಕಳ ಮೇಲಿನ ಅಭಿಮಾನದಿಂದ ಅಲ್ಲ. ಮನೆಗೆಲಸದವರು ಸಂಜೆ ಹೊರಗೆ ಹೋಗುವಾಗ ಅವರ ಬ್ಯಾಗು ತಡಕಬೇಕು, ಅದಕ್ಕೆ ಹೆಂಗಸೇ ಬೇಕು. ಬಡವರ ಬ್ಯಾಗು ತಡಕುವುದಕ್ಕೆ ಇನ್ನೊಬ್ಬ ಬಡವಿ.

ಒಂದು ಮಧ್ಯಾಹ್ನ ನಾನು ಅಲ್ಲಿಗೆ ಇನ್‌ಸ್ಪೆಕ್ಷನ್‌ಗೆ ಹೋದಾಗ ನೀಲವ್ವ ನನಗೆ ಸಲ್ಯೂಟ್ ಹೊಡೆಯಲು ಎದ್ದವಳು ಹಾಗೇ ಕುಸಿದು ಬಿದ್ದಳು. ಆಟೋದಲ್ಲಿ ಹಾಕಿಕೊಂಡು ನಾಗರಭಾವಿಯ ಡಾಕ್ಟರ ಹತ್ತಿರ ಹೋದೆ. ಮೂತ್ರಕೋಶದ ಸೋಂಕು, ಕಿಡ್ನಿಗೂ ಏರಿದೆ, ನೀರು ಚೆನ್ನಾಗಿ ಕುಡಿಯಬೇಕು ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ನೀಲವ್ವ ನಕ್ಕುಬಿಟ್ಟಳು.

"ನೀರ ಕುಡುದ್ರ ಮತ್ತ ಹೋಗಬೇಕಾಕ್ಕೈತ್ರಿ ಅಕ್ಕಾರ. ಎಲ್ಲಿಗೆ ಹೋಗ್ಲಿ? ಅದಕ್ಕ ಮುಂಜಾನಿಂದ ಸಂಜಿಮಟ ಕುಡಿಯೂದ ಬಿಟ್ಟೀನಿ."

"ಗಂಡಸು ಗಾರ್ಡುಗಳು ಎಲ್ಲಿಗೆ ಹೋಗ್ತಾರೆ?"

"ಅವರಿಗೇನ್ರಿ, ಬಾಜೂಕ ಖಾಲಿ ಸೈಟ್ ಐತಿ."

ಆ ಕಟ್ಟಡದ ಬೇಸ್‌ಮೆಂಟಿನಲ್ಲಿ ಕೆಲಸದವರಿಗೆ ಅಂತ ಪ್ಲಾನಿನಲ್ಲೇ ಒಂದು ಕಕ್ಕಸು ಇದೆ. ಹೋಗಿ ನೋಡಿದೆ. ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದರೆ ಒಳಗೆ ಗಣೇಶನ ಹಬ್ಬದ ಶಾಮಿಯಾನ, ರಾಜ್ಯೋತ್ಸವದ ಬಾವುಟದ ಕಂಬ, ಸೀರಿಯಲ್ ಲೈಟಿನ ಗಂಟುಗಳು. ಕಮೋಡಿನ ಮೇಲೆ ಪ್ಲಾಸ್ಟಿಕ್ ಹೂವಿನ ತೋರಣ. ಅಸೋಸಿಯೇಷನ್ ಅಧ್ಯಕ್ಷರಿಗೆ ಹೇಳಿದೆ. "ಸಾಮಾನು ಎಲ್ಲಿಡೋದು ಮೇಡಂ, ನೀವೇ ಹೇಳಿ?" ಎಂದು ನನ್ನನ್ನೇ ಕೇಳಿದರು.

ಅದೇ ತಿಂಗಳು ನಮ್ಮ ಏಜೆನ್ಸಿಗೆ ಒಂದು ಆಹ್ವಾನ ಬಂತು. ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳ ಗುಣಮಟ್ಟ ಹೀಗೇ ಇರಬೇಕು ಎಂದು ನಿಯಮ ಮಾಡಿ, ಪಾಲಿಸುವವರಿಗೆ ಸರ್ಟಿಫಿಕೇಟ್ ಕೊಡುವ ಒಂದು ಅಂತರರಾಷ್ಟ್ರೀಯ ಸಂಸ್ಥೆ ತನ್ನ ಸ್ಟ್ಯಾಂಡರ್ಡನ್ನು ಪರಿಶೀಲಿಸಿ ತಿದ್ದುತ್ತದಂತೆ, ಏಷ್ಯಾದ ಪ್ರತಿನಿಧಿಗಳು ಬೇಕಂತೆ. ನಮ್ಮ ಮಾಲೀಕರಾದ ಗೌಡರು, ರಿಟೈರ್ಡ್ ಸಬ್‌ಇನ್ಸ್‌ಪೆಕ್ಟರು, ಮೊದಲು ತಾವೇ ಹೊರಡುವ ಉಮೇದಿನಲ್ಲಿ ಹೊಸ ಕೋಟು ಹೊಲಿಸಿದರು. ಆಮೇಲೆ ಕೆಳಗಿನ ಸಾಲು ಓದಿದರು: ಹೆಂಗಸರನ್ನು ಕಳಿಸಿದರೆ ಟಿಕೆಟ್ಟು ಸಂಸ್ಥೆಯದೇ. ಕೋಟು ಬೀರುವಿನಲ್ಲಿ ಉಳಿಯಿತು, ನಾನು ಹೊರಟೆ.

"ಪದ್ಮಾ ಮೇಡಂ, ಫೋಟೋ ಜಾಸ್ತಿ ತೆಗೆಸ್ಕೊಳ್ಳಿ. ವೆಬ್‌ಸೈಟ್‌ಗೆ ಬೇಕು. ಆ ಸರ್ಟಿಫಿಕೇಟ್ ಒಂದು ಸಿಕ್ಬಿಟ್ರೆ ಟೆಕ್ ಪಾರ್ಕ್ ಕಾಂಟ್ರಾಕ್ಟ್ ನಮ್ದೇ," ಎಂದರು ಗೌಡರು.

ನನ್ನ ಆಸೆ ಬೇರೆಯದಿತ್ತು. ಆ ಸ್ಟ್ಯಾಂಡರ್ಡಿನಲ್ಲಿ ಒಂದೇ ಒಂದು ಸಾಲು ಸೇರಿಸಿ ಬರಬೇಕು: ಗಾರ್ಡ್ ಎಲ್ಲಿ ನಿಲ್ಲುತ್ತಾರೋ ಅಲ್ಲಿ ಕಕ್ಕಸು ಇರಲೇಬೇಕು. ಗೌಡರು ನನ್ನ ಮಾತು ಕೇಳದಿದ್ದರೂ ಬಿಳಿಯರು ಬರೆದ ಕಾಗದಕ್ಕೆ ಕೈ ಮುಗಿಯುತ್ತಾರೆ ಎಂಬುದು ನನಗೆ ಗೊತ್ತಿತ್ತು. ಹೊರಡುವ ಮುನ್ನ ನೀಲವ್ವನಿಗೆ ಹೇಳಿದೆ. "ಅಷ್ಟು ದೂರ ಹೋಗಿ ಇದನ್ನ ಕೇಳ್ತೀರೇನ್ರಿ? ನಗ್ತಾರ ನೋಡ್ರಿ," ಎಂದಳು.

ಬಾಸೆಲ್ ಸ್ಟೇಷನ್

ಜ್ಯೂರಿಕ್‌ನಲ್ಲಿ ಇಳಿದು ರೈಲು ಹತ್ತಿದೆ. ಬೋಗಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಸಾವಿನ ಮನೆಯಲ್ಲೂ ನಮ್ಮಲ್ಲಿ ಇದಕ್ಕಿಂತ ಹೆಚ್ಚು ಗಲಾಟೆ ಇರುತ್ತದೆ. ನಾನು ಕಿಟಕಿ ಪಕ್ಕ ಕೂತು ಪೊಟ್ಟಣ ಬಿಚ್ಚಿ ಚಪಾತಿಗೆ ಚಟ್ನಿಪುಡಿ ಹಾಕಿಕೊಳ್ಳುವಷ್ಟರಲ್ಲಿ ಗೌಡರ ವಿಡಿಯೋ ಕಾಲ್ ಬಂತು. "ಮೇಡಂ, ರೀಚ್ ಆದ್ರಾ? ಚಳಿ ಇದ್ಯಾ?" ಎಂದು ಅವರು ಕಂಟ್ರೋಲ್ ರೂಮಿನಲ್ಲಿ ಕೂಗಿದ ಹಾಗೆ ಕೂಗಿದರು. ಎದುರಿಗಿದ್ದ ಮುದುಕ ಗಾಜಿನ ಮೇಲೆ ಅಂಟಿಸಿದ್ದ ಚಿತ್ರವನ್ನು ಬೆರಳಲ್ಲಿ ತೋರಿಸಿದ, ಅಷ್ಟೇ. ಬಾಯಿಯ ಮೇಲೆ ಬೆರಳಿಟ್ಟುಕೊಂಡ ಮುಖದ ಚಿತ್ರ. ನಾನು ಫೋನು ಕಟ್ ಮಾಡಿ ಚಪಾತಿಯನ್ನೂ ಮುಚ್ಚಿಟ್ಟೆ.

ಬಾಸೆಲ್‌ನಲ್ಲಿ ಇಳಿಯುವ ಹೊತ್ತಿಗೆ ನನಗೆ ಅವಸರವಾಗಿತ್ತು. ವಿಮಾನದಲ್ಲಿ ಕೊಟ್ಟ ಜ್ಯೂಸನ್ನೆಲ್ಲ ಬಿಟ್ಟಿ ಸಿಕ್ಕಿತೆಂದು ಕುಡಿದ ಫಲ. ಸ್ಟೇಷನ್ನಿನ ಕಕ್ಕಸು ಹುಡುಕಿದೆ. ಅಬ್ಬಾ, ನಮ್ಮ ಬಸವೇಶ್ವರನಗರದ ಒಡವೆ ಅಂಗಡಿಗಳಿಗೂ ಅಷ್ಟು ಹೊಳಪಿಲ್ಲ. ಆದರೆ ಬಾಗಿಲಲ್ಲಿ ಮೆಟ್ರೋದ ಹಾಗೆ ಒಂದು ಗೇಟು, ಚಿಲ್ಲರೆ ಹಾಕಿದರೆ ಮಾತ್ರ ತೆರೆಯುತ್ತದೆ. ನನ್ನ ಹತ್ತಿರ ನೋಟಿತ್ತು, ನಾಣ್ಯ ಇರಲಿಲ್ಲ. ಕಾರ್ಡು ತೋರಿಸಿದೆ, ಯಂತ್ರ ಕೆಂಪು ದೀಪ ಹಾಕಿ ಒಲ್ಲೆ ಅಂದಿತು. ಮತ್ತೆ ತೋರಿಸಿದೆ, ಮತ್ತೆ ಒಲ್ಲೆ. ಕಾಲಿಗೆ ಕಾಲು ಹೆಣೆದುಕೊಂಡು, ಸೂಟ್‌ಕೇಸಿನ ಹಿಡಿ ಹಿಡಿದು, ಬೆವರುತ್ತಾ ನಿಂತೆ. ಜನ ನನ್ನನ್ನು ದಾಟಿ ಒಳಗೆ ಹೋಗುತ್ತಿದ್ದರು, ಹೊರಗೆ ಬರುತ್ತಿದ್ದರು. ಐವತ್ತು ದಾಟಿದ ಹೆಂಗಸು, ಪರದೇಶದಲ್ಲಿ, ಅಳು ಬರುವ ಹಾಗಾಯಿತು. ನೀಲವ್ವ ಇದನ್ನು ದಿನಾಲೂ ಮಾಡುತ್ತಾಳೆ, ಸಾಲದ್ದಕ್ಕೆ ಬಂದವರಿಗೆಲ್ಲ ನಗುನಗುತ್ತಾ ಗೇಟು ತೆಗೆಯುತ್ತಾಳೆ ಎಂದು ಯೋಚಿಸಿದಾಗ ಅಳು ನಿಜವಾಗಿಯೂ ಬಂತು.

ಬೆಳ್ಳಿಕೂದಲಿನ ಒಬ್ಬ ಹೆಂಗಸು ನನ್ನ ಮುಖ ನೋಡಿದಳು. ಪರ್ಸಿನಿಂದ ಒಂದು ನಾಣ್ಯ ತೆಗೆದು ಯಂತ್ರಕ್ಕೆ ಹಾಕಿ, ನನ್ನ ಬೆನ್ನಿಗೆ ಕೈಯಿಟ್ಟು ಒಳಗೆ ತಳ್ಳಿ, ತನ್ನ ಪಾಡಿಗೆ ಹೊರಟುಹೋದಳು. ಥ್ಯಾಂಕ್ಸ್ ಹೇಳಲೂ ಬಿಡಲಿಲ್ಲ. ನಮ್ಮೂರಿನಲ್ಲಾದರೆ ಸುತ್ತ ಜನ ಸೇರಿ ಯಾವ ಊರು, ಯಾರ ಮನೆಗೆ ಬಂದ್ರಿ, ನಾಣ್ಯ ಇಟ್ಕೊಂಡು ಬರಬಾರ್ದಾ ಎಂದು ಬುದ್ಧಿ ಹೇಳುತ್ತಿದ್ದರು.

ಹೊರಗೆ ಬಂದರೆ ಬೀದಿಬೀದಿಗೆ ಕಲ್ಲಿನ ತೊಟ್ಟಿ, ಅದಕ್ಕೊಂದು ನಲ್ಲಿ, ಹಗಲೂ ರಾತ್ರಿ ಸುರಿಯುವ ಕುಡಿಯುವ ನೀರು. ಕಾರ್ಪೊರೇಷನ್ ನೀರು ಬರುವ ದಿನ ಕಾದು ಸಂಪು ತುಂಬಿಸಿಕೊಳ್ಳುವ ನನಗೆ ಆ ನಲ್ಲಿ ನಿಲ್ಲಿಸಲು ಕೈ ತುರಿಸಿತು. ತಿರುಪು ಎಲ್ಲಿದೆ ಎಂದು ಹುಡುಕಿದೆ. ತಿರುಪೇ ಇರಲಿಲ್ಲ.

ರಿಸೆಪ್ಷನ್ ಮೇಜು

ಸಭೆ ನಡೆದದ್ದು ನದಿಯ ಹತ್ತಿರದ ಹಳೇ ಕಟ್ಟಡದಲ್ಲಿ. ನಡೆಸಿದವರು ಮಾರ್ಟಿನ್ ಎಂಬ ಎತ್ತರದ ಮನುಷ್ಯ, ಬಹಳ ಸಭ್ಯ. ಯಾರದಾದರೂ ಮಾತು ಅವರಿಗೆ ಬೇಡವಾದರೆ "ಬಹಳ ಆಸಕ್ತಿಕರ ವಿಚಾರ" ಎನ್ನುತ್ತಿದ್ದರು. ಅವರು ಹಾಗೆಂದ ಮೇಲೆ ಆ ವಿಚಾರ ಮತ್ತೆ ತಲೆ ಎತ್ತುತ್ತಿರಲಿಲ್ಲ. ಮೊದಲ ದಿನವೆಲ್ಲ ಬಂದೂಕಿನದೇ ಮಾತು: ಎಣ್ಣೆ ಬಾವಿ ಕಾಯುವವರು, ಹಡಗು ಕಾಯುವವರು, ಯುದ್ಧವಿರುವ ದೇಶಗಳಲ್ಲಿ ದೊಡ್ಡವರನ್ನು ಕಾಯುವವರು. ನಮ್ಮವರ ಕೈಯಲ್ಲಿ ಒಂದು ಸೀಟಿ, ಒಂದು ಲಾಠಿ. ಅದೂ ಲಾಠಿಯನ್ನು ಬೀದಿನಾಯಿಗೆ ಮಾತ್ರ ತೋರಿಸಬೇಕು, ಓನರಿನ ನಾಯಿಗೆ ತೋರಿಸಿದರೆ ಕೆಲಸ ಹೋಗುತ್ತದೆ.

ನನ್ನ ಸರದಿ ಬಂದಾಗ ಎದ್ದು ನಿಂತು, ಕಾರ್ಪೊರೇಷನ್ ಸ್ಕೂಲಿನ ಇಂಗ್ಲಿಷಿನಲ್ಲಿ ನೀಲವ್ವನ ಕತೆ ಹೇಳಿದೆ. ಬೀಗ ಹಾಕಿದ ಕಕ್ಕಸು, ಗಣೇಶನ ಸಾಮಾನು, ಆಸ್ಪತ್ರೆ, ಎಲ್ಲವನ್ನೂ. ಪ್ರತಿ ಗಾರ್ಡಿಗೂ ಕೆಲಸದ ಜಾಗದಲ್ಲಿ ಕಕ್ಕಸು ಇರಲೇಬೇಕು ಎಂದು ಬರೆಯಿರಿ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಮಾರ್ಟಿನ್ ನನ್ನ ಕೈ ಕುಲುಕಿ, "ಬಹಳ ಆಸಕ್ತಿಕರ ವಿಚಾರ," ಎಂದರು. ನನ್ನ ಸಾಲಿನ ಕತೆ ಮುಗಿಯಿತು ಅಂದುಕೊಂಡೆ.

ಬೇಜಾರಿನಲ್ಲಿ ಹೊರಗೆ ಬಂದು ರಿಸೆಪ್ಷನ್ನಿನ ಸೋಫಾದಲ್ಲಿ ಕೂತೆ. ಮೇಜಿನ ಹಿಂದೆ ಸಮವಸ್ತ್ರದ ಗಾರ್ಡ್ ಕೂತಿದ್ದಳು. ನಮ್ಮ ಬಣ್ಣ, ಹಣೆಯಲ್ಲಿ ಸಣ್ಣ ಬೊಟ್ಟು. "ನೀಂಗ ತಮಿಳಾ?" ಎಂದು ಅವಳೇ ಕೇಳಿದಳು. ತಮಿಳಲ್ಲ, ಬೆಂಗಳೂರು ಎಂದೆ. ಶ್ರೀರಾಮಪುರದ ಗೆಳತಿಯರಿಂದ ಕಲಿತ ನನ್ನ ತಮಿಳು ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. ಹೆಸರು ಮಾಲಾ, ಜಾಫ್ನಾದವಳು, ಯುದ್ಧದ ಕಾಲದಲ್ಲಿ ಮಗುವಾಗಿದ್ದಾಗಲೇ ಅಪ್ಪ ಅಮ್ಮನ ಜೊತೆ ಓಡಿಬಂದವಳು. ಅವಳಿಗೆ ಮೆತ್ತನೆಯ ಕುರ್ಚಿ, ಕಾಲಿಗೆ ಹೀಟರು, ಬೆನ್ನ ಹಿಂದೆ ಎರಡೇ ಹೆಜ್ಜೆಗೆ ಕಕ್ಕಸು.

"ಪುಣ್ಯವಂತೆ ಕಣಮ್ಮಾ ನೀನು," ಎಂದೆ ನನ್ನ ತಮಿಳಿನಲ್ಲಿ.

ಮಾಲಾ ಕಕ್ಕಸಿನ ಬಾಗಿಲ ಕಡೆ ನೋಡಿ ತುಟಿ ಕೊಂಕಿಸಿದಳು. ಮೊದಲು ಇಲ್ಲಿ ಇಬ್ಬರಿದ್ದರಂತೆ, ಈಗ ಒಬ್ಬಳನ್ನೇ ಮಾಡಿದ್ದಾರಂತೆ. ಮೇಜು ಬಿಟ್ಟು ಏಳುವ ಹಾಗಿಲ್ಲ, ಎದ್ದರೆ ಕ್ಯಾಮೆರಾದಲ್ಲಿ ಕಾಣುತ್ತದೆ, ಬದಲಿ ಗಾರ್ಡ್ ಬರುವ ತನಕ ತಡೆಯಬೇಕು. "ಅದಕ್ಕೆ ನಾನು ಕಾಫಿ ಬಿಟ್ಟೆ ಅಕ್ಕಾ," ಎಂದಳು. ನಾನು, "ಹೋಗಿ ಬಾರಮ್ಮಾ, ನಾನು ಕೂತಿರ್ತೀನಿ," ಎಂದೆ. ಅವಳು ಅತ್ತಿತ್ತ ನೋಡಿ ಓಡಿದಳು. ಸ್ವಿಟ್ಜರ್‌ಲೆಂಡಿನಲ್ಲೂ ನಾನು ಡ್ಯೂಟಿ ಮಾಡಿದೆ, ಗೌಡರಿಗೆ ಹೇಳಿದ್ದರೆ ಬಿಲ್ ಹಾಕುತ್ತಿದ್ದರು.

ಒಳಗೆ ಹೋಗಿ ನನ್ನ ಸಾಲನ್ನು ಉದ್ದ ಮಾಡಿದೆ. ಕಕ್ಕಸಿದ್ದರೆ ಸಾಲದು, ಹೋಗಿ ಬರುವ ತನಕ ನಿಲ್ಲಲು ಇನ್ನೊಬ್ಬರು ಬೇಕು ಎಂದೆ. ಮಾರ್ಟಿನ್ ಆಗದು ಎಂದು ತಲೆಯಾಡಿಸಿದರು. ಇನ್ನೊಬ್ಬರನ್ನು ಇಡುವುದು ಬಿಡುವುದು ಕಂಪನಿಗಳ ವ್ಯವಹಾರದ ವಿಷಯ, ಸ್ಟ್ಯಾಂಡರ್ಡ್ ಅದರಲ್ಲಿ ಕೈ ಹಾಕುವುದಿಲ್ಲ ಎಂದು ಬಹಳ ನಯವಾಗಿ ವಿವರಿಸಿದರು. ಗಾಜಿನ ಗೋಡೆಯ ಆಚೆ ಮಾಲಾ ಕೂತಿರುವುದು ಅವರ ಕುರ್ಚಿಯಿಂದಲೇ ಕಾಣುತ್ತಿತ್ತು.

ರೈನ್ ನದಿಯ ದಂಡೆ

ಆ ಊರಿನವರದೊಂದು ವಿಚಿತ್ರ ಚಾಳಿ. ಬೇಸಿಗೆಯಲ್ಲಿ ಕೆಲಸದ ನಡುವೆ ಬಿಡುವಾದರೆ ಸಾಕು, ಅಂಗಿ ಚಡ್ಡಿ ಮೊಬೈಲು ಎಲ್ಲವನ್ನೂ ಮೀನಿನ ಆಕಾರದ ಒಂದು ಚೀಲಕ್ಕೆ ತುಂಬಿ, ಬಾಯಿ ಸುತ್ತಿ, ಅದನ್ನು ತಬ್ಬಿಕೊಂಡು ನದಿಗೆ ಬೀಳುತ್ತಾರೆ. ನೀರು ಕರೆದುಕೊಂಡು ಹೋದಷ್ಟು ದೂರ ತೇಲಿ ಹೋಗಿ, ಎಲ್ಲೋ ದಡ ಹತ್ತಿ, ಬರಿಗಾಲಲ್ಲಿ ನಡೆದು ಬರುತ್ತಾರೆ. ಬ್ಯಾಂಕಿನವರು, ಡಾಕ್ಟರು, ಮುದುಕಿಯರು, ಎಲ್ಲರೂ. ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ನಮ್ಮ ವೃಷಭಾವತಿಯನ್ನು ನೆನೆದುಕೊಂಡೆ. ಅದರಲ್ಲಿ ಕಾಲಿಟ್ಟವರು ತೇಲುವುದಿಲ್ಲ, ನೇರ ಆಸ್ಪತ್ರೆಗೆ ಹೋಗುತ್ತಾರೆ.

ಎರಡನೇ ದಿನ ಮಧ್ಯಾಹ್ನ ಸಭೆಯಲ್ಲಿ ನನ್ನ ಸಾಲಿನ ಮೇಲೆ ಜಗಳ ಹತ್ತಿತು. ಪ್ರತಿ ಗಾರ್ಡಿಗೂ ಎಂದರೆ ಆಗದು, ಮರಳುಗಾಡಿನಲ್ಲಿ ಪೈಪ್‌ಲೈನ್ ಕಾಯುವವನಿಗೆ ಎಲ್ಲಿಂದ ತರೋಣ ಎಂದರು ಕೆಲವರು. "ಇರಲೇಬೇಕು" ಬೇಡ, "ಸಾಧ್ಯವಾದ ಕಡೆ ಇದ್ದರೆ ಒಳ್ಳೆಯದು" ಎಂದು ಬರೆಯೋಣ ಎಂದರು. ಇದ್ದರೆ ಒಳ್ಳೆಯದು ಎಂಬುದನ್ನು ಹೇಳಲು ನಾನು ಏಳು ಸಮುದ್ರ ದಾಟಿ ಬರಬೇಕಿತ್ತೇ? ಅದನ್ನು ಮಲ್ಲತ್ತಹಳ್ಳಿಯ ಅಧ್ಯಕ್ಷರೂ ಹೇಳುತ್ತಾರೆ. ನಾನು ಪಟ್ಟು ಬಿಡಲಿಲ್ಲ. ಮಾರ್ಟಿನ್ ಗಡಿಯಾರ ನೋಡಿ, ತಲೆ ತಣ್ಣಗಾಗಲಿ, ಎಲ್ಲರೂ ನದಿಗೆ ಹೋಗೋಣ ಎಂದರು.

ಹೋದರು. ಕೋಟು ಬಿಚ್ಚಿದರು, ಟೈ ಬಿಚ್ಚಿದರು, ಬರೀ ಚಡ್ಡಿಯಲ್ಲಿ ನಿಂತರು. ನನ್ನನ್ನೂ ಕರೆದರು. ಚೂಡಿದಾರ್ ಹಾಕಿಕೊಂಡು, ಈಜು ಬಾರದ, ವಿಜಯನಗರದ ಹೆಂಗಸು ನಾನು. ಒಲ್ಲೆ ಎಂದೆ. ಆಗ ಒಬ್ಬರಾದ ಮೇಲೆ ಒಬ್ಬರು ಚೀಲದಲ್ಲಿ ಹಿಡಿಸದ ಬೂಟು, ಲ್ಯಾಪ್‌ಟಾಪು, ಫೈಲುಗಳನ್ನು ತಂದು ನನ್ನ ಪಕ್ಕ ಇಟ್ಟು, "ಪ್ಲೀಸ್ ಪದ್ಮಾ, ಸ್ವಲ್ಪ ನೋಡಿಕೊಳ್ಳಿ" ಎಂದು ನೀರಿಗೆ ಬಿದ್ದರು. ಲೋಕದ ಸೆಕ್ಯುರಿಟಿಗೆಲ್ಲ ಸ್ಟ್ಯಾಂಡರ್ಡ್ ಬರೆಯುವವರ ಬೂಟು ಕಾಯುತ್ತಾ ನಾನು ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಕೂತೆ. ಅವರ ತಲೆಗಳು ಮಾತಾಡಿಕೊಳ್ಳುತ್ತಾ, ನಗುತ್ತಾ, ಸೇತುವೆಯ ಕೆಳಗೆ ತೇಲಿ ಮರೆಯಾದವು.

ತೀರ್ಮಾನ ಆದದ್ದು ಅಲ್ಲೇ, ನೀರಿನಲ್ಲಿ. ಮಾರ್ಟಿನ್ ಮೈಯಿಂದ ನೀರು ತೊಟ್ಟಿಕ್ಕಿಸುತ್ತಾ ದಂಡೆಯ ಮೇಲೆ ನಡೆದು ಬಂದು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. ಮುಖದಲ್ಲಿ ನಿಜವಾದ ಸಂತೋಷವಿತ್ತು.

"ಒಳ್ಳೆಯ ಸುದ್ದಿ ಪದ್ಮಾ. ಎಲ್ಲರೂ ಒಪ್ಪಿದ್ದಾರೆ. 'ಇರಲೇಬೇಕು' ಎಂದೇ ಬರೆಯೋಣ. ಒಂದು ಸಣ್ಣ ಬದಲಾವಣೆ. ಗಾರ್ಡುಗಳಿಗೆ ಎನ್ನುವ ಬದಲು ಮಹಿಳಾ ಗಾರ್ಡುಗಳಿಗೆ ಎನ್ನೋಣ. ನಿಮ್ಮ ಕತೆ ಒಬ್ಬ ಹೆಂಗಸಿನದೇ ಅಲ್ಲವೇ?"

ನಾನು ಯೋಚಿಸಿದೆ. ಯೋಚಿಸಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬೆಂಗಳೂರಿನಲ್ಲಿ ನಾವು ಮನೆ ಕಟ್ಟುವ ರೀತಿ ನಿಮಗೆ ಗೊತ್ತು. ಕೈಯಲ್ಲಿದ್ದಷ್ಟಕ್ಕೆ ಒಂದು ಫ್ಲೋರು ಏರಿಸಿ, ಮೇಲೆ ಕಂಬಿಗಳನ್ನು ಹಾಗೇ ಬಿಟ್ಟಿರುತ್ತೇವೆ. ನಾಳೆ ಅನುಕೂಲವಾದಾಗ ಇನ್ನೊಂದು ಫ್ಲೋರು ಎಬ್ಬಿಸಬಹುದು ಎಂದು. ರಾಜಾಜಿನಗರದಿಂದ ಕೆಂಗೇರಿಯ ತನಕ ತಾರಸಿಗಳ ಮೇಲೆ ತುಕ್ಕು ಹಿಡಿದ ಕಂಬಿಗಳೇ. ಆ ಬುದ್ಧಿಯಲ್ಲೇ ಬೆಳೆದವಳು ನಾನು. ಈಗ ಹೆಂಗಸರಿಗೆ ಆಗಲಿ, ಮುಂದಿನ ಸಲ ಗಂಡಸರನ್ನೂ ಸೇರಿಸೋಣ ಅಂದುಕೊಂಡೆ. ಮೊದಲು ನೀಲವ್ವನಿಗೆ ಒಂದು ಬಾಗಿಲು ತೆರೆಯಲಿ.

"ಆಯಿತು," ಎಂದೆ. ಮಾರ್ಟಿನ್ ಒದ್ದೆ ಕೈಯಿಂದಲೇ ನನ್ನ ಕೈ ಕುಲುಕಿದರು. ಬೂಟುಗಳನ್ನು ಅವರವರಿಗೆ ಎತ್ತಿಕೊಟ್ಟೆ.

ಕೊನೆಯ ದಿನ

ಕೊನೆಯ ದಿನ ಸ್ಟ್ಯಾಂಡರ್ಡನ್ನು ಮೊದಲಿನಿಂದ ಕೊನೆಯವರೆಗೂ ಗಟ್ಟಿಯಾಗಿ ಓದಿದರು. ನನ್ನ ಸಾಲು ಬಂದಾಗ ಮೈ ಜುಮ್ಮೆಂದಿತು: ಮಹಿಳಾ ಗಾರ್ಡುಗಳನ್ನು ನಿಯೋಜಿಸುವ ಪ್ರತಿ ಜಾಗದಲ್ಲೂ ಬಳಸಲು ಯೋಗ್ಯವಾದ ಕಕ್ಕಸು ಇರಲೇಬೇಕು, ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ. ಯಾರ ಆಕ್ಷೇಪಣೆಯೂ ಬರಲಿಲ್ಲ. ನಾನು ಅತ್ತೆ, ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಮಲ್ಲತ್ತಹಳ್ಳಿಯ ಬೇಸ್‌ಮೆಂಟಿನ ಬೀಗವನ್ನು ಬಾಸೆಲ್‌ನಲ್ಲಿ ಕೂತು ಒಡೆದೆ ಅನ್ನಿಸಿತ್ತು.

ಹೊರಗೆ ಬಂದು ಗೌಡರಿಗೆ ಫೋನು ಮಾಡಿದೆ. ಹಾರಿ ಬೀಳುತ್ತಾರೆ, ಖರ್ಚು ಯಾರಪ್ಪ ಕೊಡ್ತಾನೆ ಎನ್ನುತ್ತಾರೆ ಎಂದು ಜಗಳಕ್ಕೆ ಸಿದ್ಧಳಾಗಿಯೇ ಇದ್ದೆ. ಅವರು ತಣ್ಣಗೆ ಕೇಳಿಸಿಕೊಂಡರು.

"ಲೇಡೀಸ್‌ಗೆ ಮಾತ್ರ ತಾನೇ ಮೇಡಂ?"

"ಹೂಂ ಸಾರ್, ಸದ್ಯಕ್ಕೆ."

"ಹಂಗಾದ್ರೆ ಏನೂ ತೊಂದ್ರೆ ಇಲ್ಲ ಬಿಡಿ. ಗುಡ್ ಜಾಬ್. ಫೋಟೋ ಕಳ್ಸಿ."

ಮನುಷ್ಯ ಬದಲಾಗಿದ್ದಾನೆ, ವಯಸ್ಸಾದ ಮೇಲೆ ಕನಿಕರ ಹುಟ್ಟಿದೆ ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ಹೊರಡುವಾಗ ಮಾಲಾಳಿಗೆ ಹೇಳಿದೆ, ಹೆಂಗಸರಿಗೆ ಆಗಿದೆ, ಇನ್ನೊಬ್ಬರನ್ನು ಇಡುವ ಮಾತು ಮಾತ್ರ ಆಗಲಿಲ್ಲ, ಕ್ಷಮಿಸು ಎಂದೆ. ಅವಳು ಮೇಜಿನ ಆಚೆಯಿಂದಲೇ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದಳು. ಏಳಲಿಲ್ಲ, ಕ್ಯಾಮೆರಾ ಇತ್ತು.

ಮತ್ತೆ ಮಲ್ಲತ್ತಹಳ್ಳಿ

ಬಂದ ಮೇಲೆ ಸನ್ಮಾನ ಆಯಿತು. ಆಫೀಸಿನಲ್ಲಿ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನನ್ನ ಫೋಟೋ ವೆಬ್‌ಸೈಟಿನಲ್ಲಿ ಬಂತು. ನೀಲವ್ವ ಫೋನಿನಲ್ಲಿ ಸುದ್ದಿ ತಿಳಿದು, "ಖರೇನ ಬರೆಸಿ ಬಂದ್ರೇನ್ರಿ ಅಕ್ಕಾರ?" ಎಂದು ಮೂರು ಸಲ ಕೇಳಿದಳು. ಕೆಲವು ತಿಂಗಳು ಕಳೆದು ಹೊಸ ಸ್ಟ್ಯಾಂಡರ್ಡ್ ಪ್ರಕಟವಾಯಿತು. ನಮ್ಮ ಏಜೆನ್ಸಿಗೆ ಸರ್ಟಿಫಿಕೇಟಿನ ಆಡಿಟ್ ನಿಗದಿಯಾಯಿತು. ನಾನು ದೀಪಾಂಜಲಿ ನಗರದಲ್ಲಿ ಹೊಸ ಬ್ಯಾಚಿನ ಟ್ರೈನಿಂಗಿನಲ್ಲಿ ಮುಳುಗಿದ್ದೆ. ಅದು ಮುಗಿದ ದಿನವೇ, ಕಕ್ಕಸಿನ ಕೆಲಸ ಎಲ್ಲಿಗೆ ಬಂತು ನೋಡೋಣ ಎಂದು ಮಲ್ಲತ್ತಹಳ್ಳಿಗೆ ಹೋದೆ.

ಗೇಟಿನಲ್ಲಿ ಹೊಸ ಮುಖ, ಗಂಡಸು. ಬೇಸ್‌ಮೆಂಟಿಗೆ ಇಳಿದೆ. ಬೀಗ ಇದ್ದಲ್ಲೇ ಇತ್ತು. ಅಧ್ಯಕ್ಷರು ವಾಕಿಂಗ್ ಮುಗಿಸಿ ಬರುತ್ತಿದ್ದವರು ನನ್ನನ್ನು ನೋಡಿ ಕೈ ಮುಗಿದರು.

"ಬನ್ನಿ ಮೇಡಂ, ಕಂಗ್ರಾಜುಲೇಷನ್ಸ್. ಫಾರಿನ್‌ಗೆಲ್ಲಾ ಹೋಗಿ ಬಂದ್ರಂತೆ."

"ನೀಲವ್ವ ಎಲ್ಲಿ ಸಾರ್? ಟಾಯ್ಲೆಟ್ ಯಾಕೆ ಇನ್ನೂ ತೆಗೆದಿಲ್ಲ?"

"ಅಯ್ಯೋ, ಅದರ ಅವಶ್ಯಕತೆನೇ ಬೀಳ್ಲಿಲ್ಲ! ಲೇಡಿ ಗಾರ್ಡ್ ಇದ್ರೆ ತಾನೇ ಟಾಯ್ಲೆಟ್ ಕಂಪಲ್ಸರಿ? ನಿಮ್ಮ ಗೌಡ್ರೇ ಸಜೆಸ್ಟ್ ಮಾಡಿದ್ರು, ಲೇಡಿನ ತೆಗೆದು ಜೆಂಟ್ಸ್ ಹಾಕ್ಬಿಡೋಣ ಅಂತ. ಈಗ ನೋಡಿ, ಸ್ಟ್ಯಾಂಡರ್ಡ್ ಪ್ರಕಾರ ನಮ್ದು ಪಕ್ಕಾ. ಮನೆಗೆಲಸದವರ ಬ್ಯಾಗ್ ಚೆಕ್ ಮಾಡೋಕೆ ಒಂದು ಮೆಷೀನ್ ತರಿಸ್ತಾ ಇದೀವಿ."

ನಾನು ಏನು ಹೇಳಿದೆನೋ ನೆನಪಿಲ್ಲ. ಅಧ್ಯಕ್ಷರು ಆಮೇಲೆ ಗೌಡರಿಗೆ ದೂರು ಕೊಟ್ಟರು ಎಂಬುದರಿಂದ, ಸರಿಯಾಗಿಯೇ ಹೇಳಿರಬೇಕು.

ಅಲ್ಲಿಂದ ನೇರ ಆಫೀಸಿಗೆ ಹೋದೆ. ಗೌಡರ ಮೇಜಿನ ಮುಂದೆ ನಿಂತು ಕೂಗಾಡಿದೆ. ಆಗಲೇ ಗೊತ್ತಾದದ್ದು, ಆಸ್ಪತ್ರೆಯ ಹಾಗೆ ಮೊದಲೇ ಕಕ್ಕಸಿದ್ದ ಜಾಗಗಳನ್ನು ಬಿಟ್ಟು ಉಳಿದೆಲ್ಲ ಕಡೆ ಹೆಂಗಸು ಗಾರ್ಡುಗಳನ್ನು ಕಿತ್ತು ಹಾಕಿದ್ದರು. ಬೇರೆ ಏಜೆನ್ಸಿಯವರೂ ಇದನ್ನೇ ಶುರು ಮಾಡಿದ್ದರು. ಗೌಡರು ಕೋಪಿಸಿಕೊಳ್ಳಲಿಲ್ಲ, ಅದು ಇನ್ನೂ ಕೆಟ್ಟದ್ದು.

"ನಾನೇನು ರೂಲ್ಸ್ ಬ್ರೇಕ್ ಮಾಡಿದ್ನಾ ಮೇಡಂ? ನೀವೇ ಬರೆಸ್ಕೊಂಡು ಬಂದ ರೂಲ್ ಫಾಲೋ ಮಾಡ್ತಾ ಇದೀನಿ. ಲೇಡೀಸ್‌ಗೆ ಟಾಯ್ಲೆಟ್ ಕಟ್ಟಿ ಅಂತ ಅಪಾರ್ಟ್‌ಮೆಂಟ್‌ನೋರಿಗೆ ಹೇಳಿದ್ರೆ ಏಜೆನ್ಸಿನೇ ಚೇಂಜ್ ಮಾಡ್ತಾರೆ. ಜೆಂಟ್ಸ್‌ಗೂ ಕಂಪಲ್ಸರಿ ಅಂತ ಇದ್ದಿದ್ರೆ ಎಲ್ಲಾರೂ ಕಟ್ಲೇಬೇಕಿತ್ತು. ಇಲ್ವಲ್ಲ!"

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ನೀಲವ್ವನಿಗೆ ಆಸ್ಪತ್ರೆಯಲ್ಲಾದರೂ ಒಂದು ಜಾಗ ಕೊಡಿ ಎಂದು ಅಂಗಲಾಚಿದೆ. ಜಾಗ ಖಾಲಿ ಇಲ್ಲ ಎಂದರು. ಅವತ್ತೇ ಮಾರ್ಟಿನ್‌ಗೆ ಬರೆದೆ, ದಯವಿಟ್ಟು "ಮಹಿಳಾ" ಎಂಬ ಮಾತು ತೆಗೆದು ಎಲ್ಲ ಗಾರ್ಡುಗಳಿಗೂ ಎಂದು ತಿದ್ದಿ, ಇಲ್ಲಿ ಹೆಂಗಸರ ಅನ್ನ ಹೋಗುತ್ತಿದೆ ಎಂದು. ಉತ್ತರ ಬೇಗನೇ ಬಂತು. ಬಹಳ ಆಸಕ್ತಿಕರ ವಿಚಾರ, ಮುಂದಿನ ಪರಿಶೀಲನೆಯಲ್ಲಿ ಖಂಡಿತ ನೋಡೋಣ, ಅದಕ್ಕೆ ಇನ್ನೂ ಕೆಲವು ವರ್ಷ ಇದೆ ಎಂದು.

ಕೆಂಗೇರಿ

ಆ ಭಾನುವಾರ ಕೆಂಗೇರಿ ಉಪನಗರದ ಹಿಂದಿನ ವಠಾರಕ್ಕೆ ಹೋದೆ. ಹೋಗದೆ ಇರಲು ನೆಪ ಹುಡುಕಿದ್ದೆ, ಸಿಗಲಿಲ್ಲ. ನೀಲವ್ವ ಹೊಸ್ತಿಲಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಕೈ, ಮೂಗಿನ ತುದಿ, ಎಲ್ಲ ಕಪ್ಪು. ಒಳಗೆ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ಮಗಳು ಕಾಲೇಜು ಬಿಟ್ಟು ಬಟ್ಟೆ ಅಂಗಡಿಗೆ ಸೇರಿದ್ದಾಳೆ ಎಂದು ನಾನು ಕೇಳುವ ಮೊದಲೇ ಹೇಳಿದಳು. ಬೈಯಲಿಲ್ಲ. ನಾಲ್ಕು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ನನ್ನಿಂದಾನೇ ನಿನ್ನ ಕೆಲಸ ಹೋಯ್ತು ನೀಲವ್ವ. ನಿಂಗೆ ಒಳ್ಳೇದಾಗ್ಲಿ ಅಂತ ಬರೆಸ್ದೆ. ಹಿಂಗಾಗತ್ತೆ ಅಂತ ಗೊತ್ತಾಗ್ಲಿಲ್ಲ," ಎಂದೆ.

"ನಿಮಗ ಗೊತ್ತಿರಲಿಲ್ಲ ಬಿಡ್ರಿ," ಎಂದು ಬತ್ತಿ ಹೊಸೆಯುತ್ತಲೇ ಇದ್ದಳು. ಆಮೇಲೆ ಕೈ ನಿಲ್ಲಿಸಿ ಕೇಳಿದಳು, "ಆ ಊರಿಗೆ ಮತ್ತ ಹೋಗ್ತೀರೇನ್ರಿ ಅಕ್ಕಾರ?"

"ಗೊತ್ತಿಲ್ಲ. ಯಾಕೆ?"

"ಹೋದ್ರ, ನೀವು ಬರೆಸಿದ ಆ ಸಾಲು ಅಳಿಸಿ ಬರ್ರಿ. ನಾ ತಡಕೋತೀನಿ."